ಶನಿವಾರದ ಮರಿ

"ಬಿಡ್ಲಾ ಅದನ್ನ. ಹ್ಯಾಟೆ ಕಟ್ಟಿ ಕಳ್ಸಿದ್ರೆ ಹೆಣದ ಜೊತೆಗೆ ಮನೆ ಸಿರೀನೂ ಹೊಂಟೋಯ್ತದೆ."

"ಹ್ಯಾಟೆ ಅಂತ ನಿಂಗ್ಯಾರು ಹೇಳಿದ್ರು ಮಾವ? ಇದು ಹುಂಜವೇ."

"ನಿನ್ ತಲೆ. ಎಲ್ಲಿ ನೋಡಿ ಹೇಳ್ದೆ?"

ತಿಮ್ಮೇಶನ ಮುಷ್ಟಿಯಲ್ಲಿ ಕೋಳಿಮರಿ ಒದ್ದಾಡುತ್ತಿತ್ತು. ಸೋದರಮಾವ ಜವರಣ್ಣ ಅವನ ರಟ್ಟೆ ಹಿಡಿದಿದ್ದ. ಅಂಗಳದ ಚಟ್ಟದ ಮೇಲೆ ತಿಮ್ಮೇಶನ ತಾಯಿ ದ್ಯಾವಮ್ಮ ಮಲಗಿದ್ದಳು. ಪ್ರಾಣ ಹೋದದ್ದು ಶನಿವಾರ ಬೆಳಿಗ್ಗೆ. ಶನಿವಾರದ ಹೆಣ ಒಂಟಿಯಾಗಿ ಹೋಗುವುದಿಲ್ಲ, ಮನೆಯಿಂದ ಇನ್ನೊಬ್ಬರನ್ನು ಕರೆಯುತ್ತದೆ. ಅದಕ್ಕೆ ಕಣಕಟ್ಟೆ ಊರಿನಲ್ಲಿ ಚಟ್ಟಕ್ಕೊಂದು ಕೋಳಿಮರಿ ಕಟ್ಟುತ್ತಾರೆ. ಇನ್ನೂ ಕೂಗು ಕಲಿಯದ ಹುಂಜದ ಮರಿಯೇ ಆಗಬೇಕು. ಹ್ಯಾಟೆ ಎಂದರೆ ಹೆಣ್ಣುಕೋಳಿ, ಮನೆಯ ಲಕ್ಷ್ಮಿ, ಅದನ್ನು ಹೆಣದ ಜೊತೆ ಕಳಿಸಬಾರದು.

ಕವುಚಿಟ್ಟ ಮಂಕರಿ ಬುಟ್ಟಿಯ ಕೆಳಗೆ ಇನ್ನೂ ಆರೇಳು ಮರಿಗಳಿದ್ದವು. ಎಲ್ಲವೂ ಒಂದೇ ಥರ. ಇವುಗಳಲ್ಲಿ ಹುಂಜ ಯಾವುದು, ಹ್ಯಾಟೆ ಯಾವುದು ಎಂದು ಹೇಳಬಲ್ಲವಳೇ ಚಟ್ಟದ ಮೇಲಿದ್ದಳು.

"ನಮ್ಮಕ್ಕ ಇದ್ದಿದ್ರೆ ಮುಟ್ಟಿದ ತಕ್ಷಣ ಹೇಳೋಳು" ಎಂದ ಜವರಣ್ಣ.

"ಹೇಳೋಳು, ಹೇಳೋಳು. ಅವಳು ಹೇಳಿದ್ದು ನಿಜ ಆಗಿದ್ರೆ ನನ್ ಮನೇಲಿ ಎರಡು ಗಂಡುಮಕ್ಳು ಆಡ್ಕೊಂಡಿರ್ಬೇಕಿತ್ತು" ಎಂದ ತಿಮ್ಮೇಶ.

ಹೊರಲು ಬಂದವರು ನೆಲ ನೋಡಿದರು. ಬಾಗಿಲಲ್ಲಿ ತಿಮ್ಮೇಶನ ಹೆಂಡತಿ ಲಲಿತಮ್ಮ ಕಿರಿ ಮಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಉಳಿದಿಬ್ಬರು ಅವಳ ಸೆರಗು ಹಿಡಿದಿದ್ದರು. ತಿಂಗಳಿಂದ ಅವಳಿಗೆ ಸರಿಯಾದ ನಿದ್ದೆಯಿಲ್ಲ. ಅಳುವುದಕ್ಕೂ ಕಸುವಿರಲಿಲ್ಲ.

*

ಬಾಣಾವರದಿಂದಲೂ ಜನ ಬುಟ್ಟಿಯಲ್ಲಿ ಮರಿ ತುಂಬಿಕೊಂಡು ಬರುತ್ತಿದ್ದ ಕಾಲವಿತ್ತು. ದ್ಯಾವಮ್ಮ ಜಗಲಿಯ ಮೇಲೆ ಕೂತು ಒಂದೊಂದನ್ನೇ ಎತ್ತಿ, ತುಪ್ಪಳಕ್ಕೆ ಉಫ್ ಎಂದು ಊದಿ, ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿಯುವಳು. ತಲೆ ಎತ್ತದೆ ಗಂಡು, ಹೆಣ್ಣು ಎಂದು ಹೇಳಿ ಆ ಕಡೆ, ಈ ಕಡೆ ಬಿಡುವಳು. ತಪ್ಪಾಯಿತು ಎಂದು ಯಾರೂ ತಿರುಗಿ ಬಂದದ್ದಿಲ್ಲ. ಮದುವೆಯಾಗಿ ಬಂದ ಲಲಿತಮ್ಮ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಾ ಇದನ್ನೆಲ್ಲ ನೋಡುತ್ತಿದ್ದಳು.

ಮೊದಲು ಹುಟ್ಟಿದವಳು ಲಾವಣ್ಯ. ಮತ್ತೆ ಬಸುರಾದಾಗ ತಿಮ್ಮೇಶ ಪೇಟೆಯ ಒಂದು ಆಸ್ಪತ್ರೆಯ ಸುದ್ದಿ ತಂದ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳುವುದು ಅಪರಾಧ ಎಂದು ಅಲ್ಲಿ ಮುಂದೆ ಬೋರ್ಡು ಹಾಕಿದ್ದರು, ಹಿಂದಿನ ಕೋಣೆಯಲ್ಲಿ ಮಿಷನ್ ಇಟ್ಟು ಹೇಳುತ್ತಿದ್ದರು. ಹೆಣ್ಣಾದರೆ ಅಲ್ಲೇ ತೆಗೆಸಿಕೊಂಡು ಬರುವುದೆಂದು ಅವನ ಲೆಕ್ಕ. ದ್ಯಾವಮ್ಮ ಸೊಸೆಯನ್ನು ಜಗಲಿಗೆ ಕರೆದು ಹೊಟ್ಟೆಯ ಮೇಲೆ ಕೈಯಿಟ್ಟಳು.

"ಗಂಡು. ಮಿಷನ್ನು ಗಿಷನ್ನು ಏನೂ ಬ್ಯಾಡ."

ಮಗ ಅವಳ ಕೈಯನ್ನು ನಂಬಿದ. ಹುಟ್ಟಿದ್ದು ಹೆಣ್ಣು. ಮೂರನೆಯ ಸಲ ಕೈಯನ್ನು ನಂಬಲಿಲ್ಲ. ದ್ಯಾವಮ್ಮ ದೇವರ ಮುಂದಿನ ದೀಪ ಮುಟ್ಟಿ ಗಂಡು ಎಂದಳು. ದೀಪವನ್ನು ನಂಬಿದ. ಅದೂ ಹೆಣ್ಣು.

ಆಮೇಲೆ ಬುಟ್ಟಿಗಳು ಬರುವುದು ನಿಂತಿತು. ಸೊಸೆಯ ಹೊಟ್ಟೆಯೇ ಗೊತ್ತಾಗದವಳು ಕೋಳಿಯದೇನು ಹೇಳುತ್ತಾಳೆ ಎಂದು ಊರಿನ ಗಿಡ್ಡಯ್ಯ ಅವಳ ಜಗಲಿಯ ಮುಂದೆಯೇ ನಿಂತು ನಕ್ಕ. ಅವಳು ಎಲೆಅಡಿಕೆ ಮೆಲ್ಲುತ್ತಲೇ ಇದ್ದಳು. ಲಲಿತಮ್ಮನಿಗೆ ತಡೆಯಲಾಗಲಿಲ್ಲ. ಕೂಸಿಗೆ ನೀರು ಹಾಕುವಾಗ ಕೇಳಿದಳು.

"ನಿಮಗೆ ನಿಜವಾಗ್ಲೂ ಗೊತ್ತಾಗ್ಲಿಲ್ವಾ ಅತ್ತೆ?"

"ಮನುಷ್ಯರ ಹೊಟ್ಟೆ ನಂಗೇನು ಗೊತ್ತಾಯ್ತದವ್ವ. ನಂಗೆ ಗೊತ್ತಿದ್ದದ್ದು ನನ್ ಮಗ."

ಈಗ ನಾಲ್ಕನೆಯ ಬಸುರು ನಿಂತಿತ್ತು. ತಿಂಗಳ ಹಿಂದೆ ದ್ಯಾವಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದಿತ್ತು, ಮಾತು ಹೋಗಿತ್ತು. ಬರುವ ಸೋಮವಾರ ಪೇಟೆಯ ಆಸ್ಪತ್ರೆಗೆ ಹೋಗುವುದೆಂದು ತಿಮ್ಮೇಶ ಅವಳ ಚಾಪೆಯ ಪಕ್ಕದಲ್ಲೇ ನಿಂತು ಹೇಳಿದ. ಮುದುಕಿ ಎಡಗೈ ಎಳೆದು ತಂದು ಸೊಸೆಯ ಹೊಟ್ಟೆಯ ಮೇಲಿಟ್ಟಳು. ಬಾಯಿ ತೆರೆದಳು. ಜೊಲ್ಲು ಸುರಿಯಿತೇ ಹೊರತು ಮಾತು ಬರಲಿಲ್ಲ.

"ಸಾಕು ಮುಚ್ಚವ್ವ" ಎಂದ ಮಗ.

*

"ಲಲಿತಮ್ಮ, ಬಾವ್ವ ಇಲ್ಲಿ" ಎಂದು ಜವರಣ್ಣ ಕರೆದ. "ಅಷ್ಟು ವರ್ಷ ಪಕ್ಕದಲ್ಲಿ ಕೂತು ನೋಡಿದೀಯ. ನೀನೇ ಹೇಳು."

ಅವಳು ಕೂಸನ್ನು ಇಳಿಸಿ ಬಂದಳು. ಮರಿಯನ್ನು ತೆಗೆದುಕೊಂಡು ತುಪ್ಪಳಕ್ಕೆ ಊದಿದಳು. ರೆಕ್ಕೆ ಬಿಡಿಸಿ ಬಿಸಿಲಿಗೆ ಹಿಡಿದಳು. ಅಂಚಿನ ಗರಿ ಒಂದು ಉದ್ದ, ಒಂದು ಗಿಡ್ಡ. ಹ್ಯಾಟೆ. ಅನುಮಾನವೇ ಇರಲಿಲ್ಲ.

ತಿಮ್ಮೇಶ ಹತ್ತಿರ ಬಂದು ದನಿ ತಗ್ಗಿಸಿದ. "ಬೇಗ ಹೇಳಿ ಮುಗ್ಸು. ಸೋಮವಾರದ್ದು ತಪ್ಪಲ್ಲ, ಜೀಪಿನೋನಿಗೆ ಹೇಳಿವ್ನಿ. ಬೆಳಿಗ್ಗೆ ಹಾಲುತುಪ್ಪ ಬಿಟ್ಟು ಮಧ್ಯಾಹ್ನ ಹೊರಡೋದೇ."

ಅವಳು ಚಟ್ಟದ ಕಡೆ ನೋಡಿದಳು. ಅತ್ತೆಯ ಬಾಯಿ ಸರಿಯಾಗಿ ಮುಚ್ಚಿರಲಿಲ್ಲ.

"ಗಂಡು" ಎಂದಳು.

ಜವರಣ್ಣ ಅವಳ ಮುಖವನ್ನೇ ನೋಡಿದ. ಆಮೇಲೆ ದಾರಕ್ಕೆ ಕೈ ಚಾಚಿದ. ಮರಿಯ ಕಾಲಿಗೆ ದಾರ ಕಟ್ಟಿ ಚಟ್ಟಕ್ಕೆ ಬಿಗಿದರು. ಹೆಣ ಎದ್ದಿತು.

ಗಂಡಸರು ಹೋದ ಮೇಲೆ ಹೆಂಗಸರು ಮನೆ ತೊಳೆದರು. ಬೇಲೂರಿನಿಂದ ಬಂದಿದ್ದ ತಿಮ್ಮೇಶನ ತಂಗಿ ಅಣ್ಣಮ್ಮ, ಅವ್ವ ಮಲಗಿದ್ದ ಜಾಗದಲ್ಲಿ ರಾಗಿ ಗುಡ್ಡೆ ಹಾಕಿ ಅದರ ಮೇಲೆ ದೀಪ ಹಚ್ಚಿಟ್ಟಳು. ಮಣ್ಣು ಮಾಡಿ ಬಂದವರು ಅದನ್ನು ನೋಡಿಯೇ ತಂತಮ್ಮ ಮನೆಗೆ ಹೋಗಬೇಕು. ಅಷ್ಟರಲ್ಲಿ ಲಲಿತಮ್ಮ ಒಳಗಿನಿಂದ ಬಂದಳು.

"ಮಕ್ಕಳಿಗೆ ನಲ್ಲಿ ಹತ್ರ ನೀರು ಹಾಕ್ಕೊಂಡು ಬತ್ತೀನಿ."

ನಲ್ಲಿಗೆ ಹೋಗುವವಳು ಮೂರು ಮಕ್ಕಳಿಗೂ ಚಪ್ಪಲಿ ಹಾಕಿಸಿದ್ದಳು. ಕಂಕುಳಲ್ಲಿ ಬಟ್ಟೆಗಂಟಿತ್ತು. ಕೈಯಲ್ಲಿ ಬಿಂದಿಗೆ ಇರಲಿಲ್ಲ. ಅಣ್ಣಮ್ಮ ಎಲ್ಲವನ್ನೂ ನೋಡಿದಳು. ನೋಡಿ, ದೀಪದ ಬತ್ತಿ ಸರಿಮಾಡುವವಳಂತೆ ಬಗ್ಗಿದಳು.

"ಬಾಣಾವರದ ಬಸ್ಸು ಇನ್ನೇನು ಬತ್ತದೆ ಅತ್ತಿಗೆ. ಬಿಸಿಲೈತೆ, ಕೂಸಿನ ತಲೆ ಮೇಲೆ ಸೆರಗು ಹಾಕು."

ಲಲಿತಮ್ಮ ಅಂಗಳ ದಾಟುವಾಗ ಮಂಕರಿಯನ್ನು ಕಾಲಿನಿಂದ ಎತ್ತಿ ಹಾಕಿದಳು. ಮತ್ತೆ ಎಂದೂ ಅವಳು ಆ ಹೊಸ್ತಿಲು ತುಳಿಯಲಿಲ್ಲ.

ಕೆರೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲಿ ಬಂದ ಗಂಡಸರು ಬಾಗಿಲಲ್ಲಿ ನಿಂತರು. ಮರಿಗಳೆಲ್ಲ ನಡುಮನೆಗೆ ನುಗ್ಗಿ ದೀಪದ ಸುತ್ತ ರಾಗಿ ಹೆಕ್ಕುತ್ತಿದ್ದವು.

"ಲೇ, ಬಂದು ಮರಿ ಓಡ್ಸೇ" ಎಂದು ತಿಮ್ಮೇಶ ಅಡುಗೆಮನೆಯ ಕಡೆ ಕೂಗಿದ. ಯಾರೂ ಬರಲಿಲ್ಲ. ಇನ್ನೊಮ್ಮೆ ಕೂಗಿದ. ಗೋಡೆಗೊರಗಿ ಕೂತಿದ್ದ ಅಣ್ಣಮ್ಮ ಕೈ ಎತ್ತಲಿಲ್ಲ. ಮರಿಗಳು ಹೆಕ್ಕುತ್ತಲೇ ಇದ್ದವು. ಒಂದು ಕಡೆಯ ರಾಗಿ ಕರಗಿ, ದೀಪ ಮೆಲ್ಲಗೆ ಆ ಕಡೆಗೆ ವಾಲತೊಡಗಿತು.