ಅಕ್ಕನ ಹೆಸರಿನ ಕಿಟಕಿಗಳು

ಟೇಪು ಮತ್ತೆ ಎದ್ದಿದೆ, ಕುರ್ಚಿ ಕೈಗೆ ಸುತ್ತಿದ ನೀಲಿ ಟೇಪಿನ ತುದಿ, ಹೆಬ್ಬೆರಳಲ್ಲಿ ಒತ್ತಿದ, ಕೂತಿತು, ಬೆರಳು ತೆಗೆದ, ಎದ್ದಿತು — ಅಕ್ಕ ಸುತ್ತಿದ್ದು, ಹೊಸ ಕುರ್ಚಿ ಕೇಳಬಾರದೇನೇ ಅಂದಿದ್ದಕ್ಕೆ ನನ್ನ ಕಾಲಕ್ಕೆ ಇದು ಸಾಕು ಬಿಡೋ ಅಂದಿದ್ಲು, ಸಾಕೇ ಆಯ್ತು, ಈಗ ಕುರ್ಚಿ ಇವನದು, ಎದುರಿಗಿರೋ ಪರದೆ ಇವನದು, ಪರದೆ ಮೇಲಿನ ಕೆಂಪು ಸಾಲೂ ಇವನದೇ, ಈ ವ್ಯೂ ಮಾಡಿದ ಬಳಕೆದಾರ ‘ಅಕ್ಕ’ ಇಲ್ಲ, ಗೊತ್ತು ಕಣಪ್ಪ, ನೀನೊಬ್ಬ ಹೇಳೋದು ಬಾಕಿ ಇತ್ತು. ಒಡಹುಟ್ಟಿದ ಇವನಿಗಷ್ಟೇ ಅಲ್ಲ, ಆಫೀಸಿಗೆಲ್ಲ ಅವಳು ಅಕ್ಕನೇ, ಮ್ಯಾನೇಜರಿಗೂ ಅಕ್ಕ, ತಲೆಯೆಲ್ಲ ಬೆಳ್ಳಗಾದ ಗೋಡೌನ್ ಮಾಮನಿಗೂ ಅಕ್ಕ, ಹಂಗಾಗಿ ಲಾಗಿನ್ನೂ ಅಕ್ಕ, ಅವಳು ಒಂದ್ಸಲ ಗದರಿದ್ರೆ ಕೆಟ್ಟುಹೋದ ಪ್ರಿಂಟರು ಎದ್ದು ಕೂತು ಹೋದ ವರ್ಷ ನುಂಗಿದ ಪೇಪರನ್ನೂ ಕಕ್ತಿತ್ತು, ಅವಳು ಕಣ್ಣು ಬಿಟ್ರೆ ಎಸಿ ಇಲ್ಲದೇನೇ ಸರ್ವರ್ ರೂಮು ನಡುಗ್ತಿತ್ತು ಅಂತ ಮಾಮ ಹೇಳೋನು, ಮಾಮನ ಮಾತಲ್ಲಿ ಅರ್ಧ ಕಳೆದ್ರೂ ಉಳಿದರ್ಧ ಸುಳ್ಳೇ, ಎಲ್ಲರೂ ನಗೋರು, ಇವನೂ ನಗೋನು, ಆ ನಗು ಮೈಯಲ್ಲಿ ಎಲ್ಲಿಂದ ಬರ್ತಿತ್ತೋ ಈಗ ಹುಡುಕಿದ್ರೂ ಜಾಗ ಸಿಗ್ತಿಲ್ಲ, ಟೇಪು, ಒತ್ತಿದ, ಎದ್ದಿತು — ವ್ಯೂ ಅಂದ್ರೆ ಕಿಟಕಿ ಕಣೋ ದಡ್ಡ, ಲೆಕ್ಕವೆಲ್ಲ ಒಳಗಿನ ಕೋಣೇಲಿರತ್ತೆ, ಯಾರಿಗೆ ಎಷ್ಟು ಕಾಣಬೇಕೋ ಅಷ್ಟೇ ಕಿಟಕಿ ಕೊರೆದು ಕೊಡೋದು ನಮ್ಮ ಕೆಲಸ, ಕಿಟಕಿ ಕೊರೆದವರ ಹೆಸರು ಕೇಳಿಯೇ ಒಳಗಿಂದ ಬಾಗಿಲು ತೆಗಿಯೋದು, ಅಂದಿದ್ಲು, ಅಂದವಳು ಕಂಪನಿ ಹೆಸರಲ್ಲಿ ಕೊರೀಲಿಲ್ಲ, ಎಲ್ಲ ತನ್ನ ಹೆಸರಲ್ಲೇ ಕೊರೆದು ಹೋದ್ಲು.

ಬೆಳಗ್ಗೆ ಬಿಟ್ಟುಹೋದವರ ಲಾಗಿನ್ ತೆಗಿಯೋ ಕೆಲಸ, ಒಬ್ಬ ಡ್ರೈವರು, ಇಬ್ಬರು ಬಿಲ್ಲಿಂಗಿನವರು, ಅಕ್ಕ, ಖಚಿತವೇ ಅಂತ ಕೇಳಿತು, ಹೌದು ಒತ್ತಿದ, ಹಲ್ಲುಜ್ಜಿದ ಹಾಗೆ ಮುಗೀತು — ಕಿಟಕಿಗಳೆಲ್ಲ ಒಟ್ಟಿಗೇ ಮುಚ್ಚಿಕೊಂಡ್ವು, ಕೆಳಗೆ ಲಾರಿ ನಿಂತಿದೆ, ಇಂಜೆಕ್ಷನ್ ಪೆಟ್ಟಿಗೆಗಳು ಐಸಲ್ಲಿ ಕೂತಿವೆ, ಯಾವುದು ಯಾವ ಆಸ್ಪತ್ರೆಗೆ ಅಂತ ಯಾರಿಗೂ ಕಾಣ್ತಿಲ್ಲ, ಐಸು ಕರಗ್ತಿದೆ. ಮ್ಯಾನೇಜರ್ ಬಂದು ಹೆಗಲ ಮೇಲೆ ಕೈಯಿಟ್ಟು, ತಪ್ಪು ತಿಳ್ಕೋಬೇಡಪ್ಪ, ಅದೇ ಹೆಸರಲ್ಲಿ ಇನ್ನೊಂದು ಲಾಗಿನ್ ಮಾಡಿಬಿಡು, ಮೊದಲು ಲಾರಿ ಹೋಗ್ಲಿ, ಆಮೇಲೆ ಎಲ್ಲ ನಿನ್ನ ಹೆಸರಿಗೆ ಮಾಡ್ಕೊಂಡು ಅದನ್ನ ತೆಗೆದುಬಿಡು ಅಂದ್ರು, ಆಯ್ತು ಸಾರ್, ಬೆರಳುಗಳೇ ಟೈಪ್ ಮಾಡಿದ್ವು, ಅಕ್ಕ, ಎಂಟರ್, ಅಷ್ಟು ಸುಲಭ, ಕೆಂಪು ಸಾಲು ಹೋಯ್ತು, ಕೆಳಗಿಂದ ಮಾಮನ ಗಂಟಲು, ಬಂತು ಬಂತು, ಬಂದ್ಲು ನೋಡ್ರೋ ನಮ್ಮಕ್ಕ — ಅಂದವನು ಅಲ್ಲೇ ನುಂಗಿಕೊಂಡ, ಆಮೇಲೆ ಲಾರಿ ಹೊರಟ ಸದ್ದು ಮಾತ್ರ.

ಒಂದೊಂದೇ ಕಿಟಕಿ ತನ್ನ ಹೆಸರಿಗೆ ಬದಲಾಯಿಸಿದ, ಸ್ಟಾಕಿನದು, ಲಾರಿಯದು, ಬಿಲ್ಲಿನದು, ಮುಗೀತು, ಅಕ್ಕನ ಹೆಸರಲ್ಲಿ ಇನ್ನು ಏನೂ ಇಲ್ಲ, ಬರೀ ಅಕ್ಕ, ಕರ್ಸರ್ ಮಿನುಗ್ತಿದೆ, ಖಚಿತವೇ — ಆಸ್ಪತ್ರೆಯಲ್ಲೂ ಹೀಗೇ ಕೇಳಿದ್ರು, ಉಸಿರಿನ ಮೆಷಿನ್ ತೆಗೀಬಹುದಾ, ಭಾವ ಗೋಡೆ ನೋಡ್ತಿದ್ದ, ಅಮ್ಮ ಇವನನ್ನೇ ನೋಡ್ತಿದ್ಲು, ಹೌದು ಅಂದಿದ್ದು ಇವನೇ, ಬೆಳಗ್ಗೆ ಒಂದು ಹೌದು, ಈಗ ಇನ್ನೊಂದು, ಎಷ್ಟು ಸಲ ಅಂತ, ಆಯ್ತೇನಪ್ಪ ಅಂತ ಬಾಗಿಲ ಹತ್ರ ಮ್ಯಾನೇಜರ್, ಆಗ್ತಾ ಇದೆ ಸಾರ್, ಆಗ್ತಾ ಇಲ್ಲ, ಬಲಗೈ ಹೆಬ್ಬೆರಳು ಟೇಪಿನ ಮೇಲಿದೆ, ಒತ್ತಿಕೊಂಡೇ ಇದ್ರೆ ಕೂತಿರತ್ತೆ, ಹೌದು ಒತ್ತೋಕೆ ಈ ಕೈ ತೆಗೀಬೇಕು, ತೆಗೆದ್ರೆ ತುದಿ ಏಳತ್ತೆ, ಒತ್ತಿಕೊಂಡಿದ್ದಾನೆ, ಕೂತಿದೆ, ನೀಲಿ ಟೇಪು, ಬೆರಳ ಕೆಳಗೆ, ನೀಲಿ ಟೇಪು