ಎಡಗೈ ಸುತ್ತಿನ ಹೂದಾನಿ

ನಮ್ಮ ಮುರಾನೊ ದ್ವೀಪದ ಹಳೆಯ ಮೇಸ್ತ್ರಿಗಳು ತಾವು ಊದಿದ ಗಾಜಿನ ಮೇಲೆ ಹೆಸರು ಹಾಕುತ್ತಿರಲಿಲ್ಲ. ನೋಡಿದರೇ ಯಾರ ಕೈ ಎಂದು ಗೊತ್ತಾಗಬೇಕು ಎನ್ನುವುದು ಅವರ ಜಂಬ. ಹಾಗಾಗಿ ಹಳೆಯ ಹೂದಾನಿಯೊಂದು ಕಪಾಟಿನಿಂದ ಹೊರಬಂದರೆ ಸಾಕು, ನೋಡಿದ ಪ್ರತಿಯೊಬ್ಬನಿಗೂ ಅದರಲ್ಲಿ ತನ್ನ ತಾತನೇ ಕಾಣುತ್ತಾನೆ. ಹಳೆ ಗಾಜಿನ ಅಂಗಡಿ ಇಟ್ಟುಕೊಂಡವಳು ನಾನು; ಈ ತಾತಂದಿರ ಕಾಟ ನನಗೆ ದಿನವೂ ಇದ್ದದ್ದೇ.

ಈ ಸಲ ಹೊರಬಂದದ್ದು ನನ್ನ ಸೋದರತ್ತೆ ಅಮಾಬಿಲೆಯ ಹೂದಾನಿ. ಹಸಿರು ಗಾಜು, ಅದರೊಳಗೆ ಪುಡಿಪುಡಿಯಾದ ಚಿನ್ನದ ರೇಕು, ಕುತ್ತಿಗೆಗೆ ಸುತ್ತಿದ ಬಿಳಿ ಗಾಜಿನ ಎಳೆ. ಮದುವೆಗೆ ಮುಂಚೆ ಬೊರ್ತೊಲೊ ಮಾವ ಅವಳಿಗೆಂದೇ ಮಾಡಿದ್ದು; ಮೇಸ್ತ್ರಿ ಮನೆಗೆ ಹೋದ ಮೇಲೆ, ಕುಲುಮೆಯಲ್ಲಿ ಉಳಿದ ಗಾಜಿನಿಂದ. ಮಾವ ಎಡಚ. ಮೇಸ್ತ್ರಿ ಕೂರುವ ಬೆಂಚು ಬಲಗೈಯವರಿಗೆಂದೇ ಮಾಡಿದ್ದು. ಒಬ್ಬ ಎಡಚನಿಗಾಗಿ ಬೇರೆ ಬೆಂಚು ಹಾಕಿಸುವ ಪುಣ್ಯಾತ್ಮ ಯಾರೂ ಸಿಗದೆ ಅವನು ಕೊನೆಯವರೆಗೂ ಕೈಯಾಳಾಗಿಯೇ ಉಳಿದ. ಈಗ ಊರಿನ ಹಳೆಯ ಮೇಸ್ತ್ರಿಗಳ ಕೆಲಸದ ಪ್ರದರ್ಶನ ನಡೆಯುವುದಿತ್ತು. ಅಲ್ಲಿ ಆ ಹೂದಾನಿಯ ಪಕ್ಕ "ಮೇಸ್ತ್ರಿ ಬೊರ್ತೊಲೊ" ಎಂದು ಬರೆದ ಚೀಟಿಯನ್ನು ಕಣ್ಣಾರೆ ನೋಡಬೇಕು ಎನ್ನುವುದೊಂದೇ ಅತ್ತೆಯ ಆಸೆ.

ಹೂದಾನಿ ಯಾರದ್ದೆಂದು ತೀರ್ಮಾನಿಸಬೇಕಾದವರು ಅಲ್ವಿಸೆ, ಟುಲ್ಲಿಯೊ ಮತ್ತು ನಾನು. ಮೂವರೂ ಒಪ್ಪಿದರೆ ಮಾತ್ರ ಚೀಟಿ. ಅವರಿಬ್ಬರೂ ದೊಡ್ಡ ಮೇಸ್ತ್ರಿಗಳ ಮೊಮ್ಮಕ್ಕಳು. ಕುಲುಮೆಯ ಮುಂದೆ ಬೆವರು ಸುರಿಸಿದ್ದು ಕಡಿಮೆ, ತಾತಂದಿರ ಹೆಸರಿನಲ್ಲಿ ಚಳಿ ಕಾಯಿಸಿಕೊಂಡದ್ದೇ ಹೆಚ್ಚು.

ಅತ್ತೆಯ ಅಡುಗೆಮನೆಯಲ್ಲಿ ಸೇರಿದೆವು. ವೈನು, ಬೆಣ್ಣೆ ಬಿಸ್ಕತ್ತು ಬಂದವು. ಅಲ್ವಿಸೆ ಹೂದಾನಿಯನ್ನು ತಲೆಕೆಳಗು ಮಾಡಿ ತಳ ಸವರಿದ, ಉಗುರಿನಿಂದ ತಟ್ಟಿ ಕಿವಿಗೊಟ್ಟ.

"ಊದಿ ಮುಗಿಸಿ ಗಾಜನ್ನ ಕಂಬಿಯಿಂದ ಬಿಡಿಸಿದ ಗುರುತನ್ನ ಎಷ್ಟು ನಯವಾಗಿ ಉಜ್ಜಿದಾರೆ ನೋಡಿ. ಈ ಊರಿಂದೇ. ಕೈ ನಮ್ಮ ತಾತಂದು."

"ನಿಮ್ ತಾತ ಹಸಿರು ಮುಟ್ಟಿದ್ದು ಸೊಪ್ಪಿನ ಪಲ್ಯ ತಿನ್ನೋವಾಗ ಮಾತ್ರ," ಎಂದ ಟುಲ್ಲಿಯೊ. "ಚಿನ್ನ ಹೀಗೆ ಪುಡಿಯಾಗೋ ಹಾಗೆ ಊದ್ತಿದ್ದೋರು ನಮ್ಮಜ್ಜ."

"ಎಳೆ ಉಲ್ಟಾ ಸುತ್ತಿದೆಯಲ್ಲ," ಎಂದೆ ನಾನು. "ಬಲಗೈಯವರು ಸುತ್ತಿದ್ರೆ ಈ ಕಡೆಗೆ ಹೋಗ್ಬೇಕಿತ್ತು."

"ಆಗ ತಾತನ ಬಲಗೈ ಸುಟ್ಟಿತ್ತು," ಎಂದ ಅಲ್ವಿಸೆ, ಪಕ್ಕದಲ್ಲೇ ನಿಂತು ಮುಲಾಮು ಹಚ್ಚಿದವನ ಹಾಗೆ.

"ನಮ್ಮಜ್ಜಂಗೆ ಎರಡೂ ಕೈ ಒಂದೇ. ಬೇಕು ಅಂದ್ರೆ ಕಾಲಲ್ಲೂ ಸುತ್ತೋರು."

"ನಮ್ಮನೆಯವರು ಎಡಚರು ಕಣಪ್ಪಾ," ಎಂದಳು ಅತ್ತೆ.

"ಗೊತ್ತಮ್ಮಾ," ಎಂದ ಅಲ್ವಿಸೆ. "ಬೊರ್ತೊಲೊ ಪಾಪ, ಒಳ್ಳೆ ಮನುಷ್ಯ. ಹೇಳಿದ ಕಡೆ ಹಿಡ್ಕೊಂಡು ನಿಲ್ಲೋನು."

ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಒಳಗೆ ಇಣುಕಿದ ಟುಲ್ಲಿಯೊ ಹಾವು ತುಳಿದವನಂತೆ ಕೂಗಿಕೊಂಡ. ಹೂದಾನಿಯೊಳಗೆ, ಅರ್ಧ ಎತ್ತರದಲ್ಲಿ, ನೀರು ನಿಂತು ನಿಂತು ಕಟ್ಟಿದ ಬಿಳಿ ಕರೆ.

"ಇದಕ್ಕೆ ನೀರು ಹಾಕಿದೀರಾ! ಮರ್ಯಾದಸ್ಥರು ಹೂದಾನಿಗೆ ನೀರು ಹಾಕ್ತಾರೇನಮ್ಮಾ? ಪ್ರವಾಸಿಗಳು ಮಾಡೋ ಕೆಲಸ ಅದು!"

"ಸಾನ್ ಮಾರ್ಕೊ ಹಬ್ಬ ಬಂದ್ರೆ ಊರಿನ ಗಂಡಸರೆಲ್ಲರ ಹಾಗೆ ನಮ್ಮನೆಯವರೂ ನಂಗೆ ಗುಲಾಬಿ ಮೊಗ್ಗು ತರೋರು. ನೀರಿಲ್ದೆ ಇಟ್ರೆ ಬಾಡಲ್ವಾ?"

ಇಬ್ಬರೂ ಸೇರಿ ಅವಳಿಗೆ ಬುದ್ಧಿ ಹೇಳಿದರು. ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ. ಮುಗಿದ ಮೇಲೆ ಮತ್ತೆ ತಾತಂದಿರು ಎದ್ದು ಬಂದರು. ಅತ್ತೆ ಕೈಕಟ್ಟಿ ಕೇಳುತ್ತಿದ್ದವಳು ಕೊನೆಗೊಂದು ನಿಟ್ಟುಸಿರು ಬಿಟ್ಟಳು.

"ಯಾರ ತಾತನ ಹೆಸರಾದ್ರೂ ಬರ್ಕೊಳ್ಳಿ. ಆದ್ರೆ ಮೊದಲೇ ಹೇಳ್ಬಿಡ್ತೀನಿ, ಅದು ಸೋರುತ್ತೆ. ತಳದಲ್ಲಿ ಬಿರುಕಿದೆ."

ಇಬ್ಬರೂ ಹೂದಾನಿಯಿಂದ ಕೈ ಹಿಂದಕ್ಕೆ ಎಳೆದುಕೊಂಡರು. ಬಿಸಿ ಗಾಜನ್ನು ನಿಧಾನವಾಗಿ ಆರಿಸುವ ತಾಳ್ಮೆ ಇಲ್ಲದವನ ಕೆಲಸ ಮಾತ್ರ ಹಾಗೆ ಬಿರಿಯುವುದು. ನಮ್ಮೂರಿನಲ್ಲಿ ಮಗ ಜೈಲಿಗೆ ಹೋದರೂ ತಲೆಯೆತ್ತಿ ತಿರುಗಬಹುದು, ತಾತನ ಹೂದಾನಿ ಬಿರಿಯಿತು ಎಂದರೆ ಮುಖ ತೋರಿಸುವ ಹಾಗಿಲ್ಲ.

"ನಾನು ಆಗ್ಲೇ ನೋಡ್ದೆ ಬಿರುಕನ್ನ," ಎಂದ ಅಲ್ವಿಸೆ. "ಮರ್ಯಾದೆಗೆ ಸುಮ್ನಿದ್ದೆ. ಟುಲ್ಲಿಯೊ, ಇದು ನಿಮ್ಮಜ್ಜಂದೇ, ತಗೋ."

"ನಮ್ಮಜ್ಜಂದಾ? ನಂಗೆ ಎರಡು ಬಿರುಕು ಕಾಣ್ತಿದೆ! ಎಳೆ ನೋಡಯ್ಯಾ, ಎಡಕ್ಕಿದೆ. ಯಾವನೋ ಎಡಚಂದು."

ನಾನು ಹೂದಾನಿಯೊಳಗೆ ನೋಡಿದೆ. ಸೋರುವ ಹೂದಾನಿಯಲ್ಲಿ ಅರ್ಧ ಎತ್ತರಕ್ಕೆ ಕರೆ ಕಟ್ಟುವುದು ಹೇಗೆ? ಕೇಳಲೆಂದು ಬಾಯಿ ತೆರೆದೆ. ಅತ್ತೆ ನನ್ನನ್ನೇ ನೋಡುತ್ತ ಬಿಸ್ಕತ್ತಿನ ತಟ್ಟೆಯನ್ನು ಮುಂದೆ ತಳ್ಳಿದಳು. ಒಂದನ್ನು ಬಾಯಿಗೆ ಹಾಕಿಕೊಂಡೆ.

"ಬೊರ್ತೊಲೊಂದೇ," ಎಂದ ಅಲ್ವಿಸೆ ದೊಡ್ಡ ಮನಸ್ಸು ಮಾಡಿ. "ಕೈಯಾಳಿಗೆ ಇಷ್ಟು ಬಂದಿದ್ದೇ ಹೆಚ್ಚು. ಮುದುಕೀಗೂ ಸಮಾಧಾನ ಆಗ್ಲಿ."

"ಪ್ರದರ್ಶನ ಮೇಸ್ತ್ರಿಗಳದ್ದು," ಎಂದೆ. "ಮೇಸ್ತ್ರಿ ಅಂತ್ಲೇ ಬರೀಬೇಕಾಗುತ್ತೆ."

"ಬರ್ಕೊಳ್ಳಮ್ಮಾ, ಬರ್ಕೊ," ಎಂದರು ಇಬ್ಬರೂ, ಎದ್ದು ಟೋಪಿ ಹಾಕಿಕೊಳ್ಳುತ್ತ.

ಪ್ರದರ್ಶನ ಸಾನ್ ಮಾರ್ಕೊ ಹಬ್ಬದ ದಿನ ತೆರೆಯಿತು. ಅತ್ತೆ ಕಪ್ಪು ಕೋಟು ತೊಟ್ಟು ಬಂದು ಚೀಟಿಯ ಮುಂದೆ ನಿಂತಳು, ತುಟಿ ಅಲ್ಲಾಡಿಸುತ್ತ ಓದಿದಳು. ಆಮೇಲೆ ಚೀಲದಿಂದ ನೀರಿನ ಬಾಟಲಿ ತೆಗೆದು ಹೂದಾನಿಗೆ ಸುರಿದಳು. ಯಾರೋ ಕಿರುಚಿದರು. ಅವಳು ಅದರಲ್ಲಿ ಕೆಂಪು ಗುಲಾಬಿ ಮೊಗ್ಗೊಂದನ್ನು ಇಟ್ಟಳು. ಅಲ್ವಿಸೆ, ಟುಲ್ಲಿಯೊ ಮೊಣಕಾಲೂರಿ ಮೇಜಿನ ಅಡಿ ನೋಡಿದರು. ಒಂದು ಹನಿ ಇಲ್ಲ.

ಅಲ್ವಿಸೆ ಮಂಡಿ ಒರೆಸಿಕೊಂಡು ಎದ್ದ. ಸುತ್ತ ನೆರೆದವರಿಗೆ ಕೇಳುವಂತೆ, "ಬೊರ್ತೊಲೊ ಕಲಿತಿದ್ದು ನಮ್ಮ ತಾತನ ಹತ್ರಾನೇ," ಎಂದ.

"ನಮ್ಮಜ್ಜನ ಹತ್ರ!" ಎಂದ ಟುಲ್ಲಿಯೊ.

"ಇಬ್ರ ಹತ್ರಾನೂ ಹೋಗಿದ್ರಪ್ಪಾ," ಎಂದಳು ಅತ್ತೆ. "ಇಬ್ರೂ ಒಂದೇ ಪಾಠ ಹೇಳಿಕೊಟ್ರು. ಎಡಚಂಗೆ ಬೆಂಚಿಲ್ಲ ಅಂತ."

ಮೊಗ್ಗು ಚೀಟಿಯ ಮೇಲೆ ಬಾಗಿತ್ತು. ಹೆಸರು ಮರೆಯಾಗದಂತೆ ಅವಳು ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು.