ತಪ್ಪು ತಿಳ್ಕೋಬೇಡಿ

ಹರ್ಷಿತಾಗೆ ಕೆಲವು ಮಾತುಗಳನ್ನು ಕಂಡರಾಗದು. ಹಲ್ಲಿ ಕಂಡರೆ ಮಂಚ ಹತ್ತುವವರಿದ್ದಾರೆ, ಇವಳಿಗೆ ಆ ಭಯವೆಲ್ಲ ಇಲ್ಲ. ಬೇಲೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವವಳು, ಹಲ್ಲಿ ಕಪ್ಪೆಗಳನ್ನೆಲ್ಲ ಬಾಟಲಿಯಲ್ಲಿಟ್ಟು ಮಕ್ಕಳಿಗೆ ತೋರಿಸುವವಳು. ಆದರೆ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ತೂರಿಕೊಂಡು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ’ ಅಂದರೆ ಸಾಕು, ಮೈಯೆಲ್ಲ ಉರಿದುಹೋಗುತ್ತಿತ್ತು. ಸ್ಟಾಫ್ ರೂಮಿನಲ್ಲಿ ಸಂಬಳದಿಂದ ಹಿಡಿದು ಗಂಡನ ಬಿ.ಪಿ.ವರೆಗೆ ಎಲ್ಲವನ್ನೂ ಕೆದಕಿ ಕೆದಕಿ ಕೇಳಿ, ಕೊನೆಗೆ ‘ಸುಮ್ನೆ ಕೇಳ್ದೆ ಅಷ್ಟೆ’ ಅನ್ನುವವರನ್ನು ಕಂಡರೂ ಅಷ್ಟೇ.

ಇವನ್ನೆಲ್ಲ ಹೇಗೋ ಸಹಿಸಿಕೊಂಡಾಳು. ಸಹಿಸಲಾಗದ ಮಾತು ಅಂದರೆ ಒಂದೇ: ‘ತಪ್ಪು ತಿಳ್ಕೋಬೇಡಿ.’ ಈ ಮಾತು ಆಡಿದವರು ಅದರ ಬೆನ್ನಿಗೇ ತಪ್ಪು ತಿಳಿದುಕೊಳ್ಳುವಂಥದ್ದನ್ನೇ ಆಡುತ್ತಾರೆ, ಬೇಕಾದರೆ ಗಮನಿಸಿ ನೋಡಿ. ತಪ್ಪು ತಿಳ್ಕೋಬೇಡಿ, ನಿಮಗೆ ಆ ಬಣ್ಣ ಒಪ್ಪಲ್ಲ. ತಪ್ಪು ತಿಳ್ಕೋಬೇಡಿ, ಒಂದೇ ಮಗೂಗೆ ನಿಲ್ಲಿಸಿಬಿಟ್ರಾ? ಒಳ್ಳೆಯ ಮಾತಿಗೆ ಯಾರೂ ಇಂಥ ಪೀಠಿಕೆ ಹಾಕುವುದಿಲ್ಲ. ತಪ್ಪು ತಿಳ್ಕೋಬೇಡಿ, ಇನ್ನೊಂದು ಹೋಳಿಗೆ ಹಾಕ್ಕೊಳಿ ಅಂತ ಯಾರಾದರೂ ಅಂದದ್ದುಂಟೆ? ಕೆನ್ನೆಗೆ ಹೊಡೆಯುವ ಮೊದಲು ಕ್ಷಮೆಯನ್ನೂ ನಮ್ಮ ಕೈಯಿಂದಲೇ ಕಿತ್ತುಕೊಳ್ಳುವ ಉಪಾಯ ಇದು ಅಂತ ಅವಳ ವಾದ.

ಈ ಮಾತಿನ ಕಾಟ ಜಾಸ್ತಿಯಾದದ್ದು ಮನೆ ಹುಡುಕಲು ಹೊರಟ ಮೇಲೆ. ಬೇಲೂರಿಗೆ ವರ್ಗವಾಗಿ ವರ್ಷವಾಗುತ್ತ ಬಂದಿತ್ತು. ಗಂಡ ಧರ್ಮೇಶ್‌ಗೆ ಅರಸೀಕೆರೆಯಲ್ಲಿ ಗುಮಾಸ್ತೆ ಕೆಲಸ, ಮನೆಯೂ ಅಲ್ಲೇ. ಹರ್ಷಿತಾ ಕತ್ತಲಿರುವಾಗಲೇ ಎದ್ದು, ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು, ಹಳೇಬೀಡಿನಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾದು ಬೇಲೂರು ಮುಟ್ಟಬೇಕು. ಸಾಯಂಕಾಲ ಮತ್ತೆ ಅದೇ ಪಾಡು. ನಾಲ್ಕು ವರ್ಷದ ಮಗಳು ಮೈತ್ರಿ ಅಮ್ಮ ಹೋಗುವಾಗಲೂ ನಿದ್ದೆಯಲ್ಲಿರುತ್ತಿದ್ದಳು, ಬರುವ ಹೊತ್ತಿಗೂ ನಿದ್ದೆ ಹೋಗಿರುತ್ತಿದ್ದಳು. ಒಂದು ಭಾನುವಾರ ಹರ್ಷಿತಾ ತುತ್ತು ಮಾಡಿ ಬಾಯಿಗಿಡಲು ಹೋದರೆ ಆ ಕೂಸು ಮುಖ ತಿರುಗಿಸಿ, ‘ಅಜ್ಜಿ ತಿನ್ನಿಸ್ಲಿ, ನೀನು ಬೇಡ’ ಅಂದಿತು. ‘ಮಕ್ಳು ಹಂಗೇ ಕಣೇ’ ಅಂತ ಅತ್ತೆ ನಕ್ಕರು. ಹರ್ಷಿತಾ ಆ ತುತ್ತನ್ನು ತಾನೇ ತಿಂದಳು.

ಹಳೇಬೀಡಿನಲ್ಲಿ ಮನೆ ಮಾಡಿದರೆ ಧರ್ಮೇಶ್ ಅರಸೀಕೆರೆ ಕಡೆ ಹೋಗುತ್ತಾನೆ, ಇವಳು ಬೇಲೂರು ಕಡೆ ಹೋಗುತ್ತಾಳೆ, ಹೊತ್ತು ಮುಳುಗುವ ಮುಂಚೆ ಇವಳಾದರೂ ಮನೆಯಲ್ಲಿರಬಹುದು. ಸ್ಕೂಲು ಶುರುವಾಗುವುದರೊಳಗೆ ಮನೆ ಸಿಕ್ಕಿದರೆ ಮೈತ್ರಿಯನ್ನೂ ಅಲ್ಲೇ ಸೇರಿಸಬಹುದು. ಅದೊಂದೇ ಆಸೆ ಹೊತ್ತು ಅವಳು ಬೇಸಿಗೆ ರಜೆಯಲ್ಲಿ ಬೀದಿ ಬೀದಿ ಅಲೆದಳು.

ಮನೆಗಳೇನೋ ಇದ್ದವು. ಬಾಡಿಗೆಗೆ ಇದೆ ಅಂತ ಬೋರ್ಡುಗಳೂ ಇದ್ದವು. ಬಾಗಿಲು ತೆಗೆದವರು ‘ಬನ್ನಿ ಮಿಸ್, ಕೂತ್ಕೊಳಿ’ ಅಂತ ಕರೆಯುತ್ತಿದ್ದರು, ಬಚ್ಚಲು, ಅಡಿಗೆಮನೆ, ಸಂಪು ಎಲ್ಲ ತೋರಿಸುತ್ತಿದ್ದರು. ಆಮೇಲೆ ಬರುತ್ತಿತ್ತು: ‘ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?’ ಸ್ವಲ್ಪ ಜಾಣರಾದರೆ ‘ಮನೆದೇವ್ರು ಯಾವುದು?’ ಅಂತ ಸುತ್ತಿ ಬಳಸಿ ಬರುತ್ತಿದ್ದರು. ಒಂದು ಅಜ್ಜಿ ಮಾತ್ರ ಜಗಲಿಯಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತ, ‘ನೀವು ಯಾವ್ ಜನ ಮಗಾ?’ ಅಂತ ನೇರವಾಗಿ ಕೇಳಿಬಿಟ್ಟಿತ್ತು, ಅದರ ಮೇಲೆ ಹರ್ಷಿತಾಗೆ ಅಷ್ಟು ಸಿಟ್ಟು ಬರಲಿಲ್ಲ.

ಕೇಳಿದವರಿಗೆಲ್ಲ ಅವಳು ಹೇಳುತ್ತಿದ್ದಳು. ನಾವು ಎಸ್ಸಿ, ಮನೆಯಲ್ಲಿ ಬುದ್ಧನನ್ನು ಇಟ್ಟುಕೊಂಡಿದ್ದೀವಿ. ಹೇಳಿದ ಮೇಲೆ ಒಬ್ಬರಾದರೂ ‘ಕೊಡಲ್ಲ’ ಅನ್ನಬೇಕಲ್ಲ? ಊಹೂಂ. ‘ನೋಡೋಣ’ ಅನ್ನುತ್ತಿದ್ದರು, ‘ಮನೆಯವರನ್ನ ಕೇಳಿ ಫೋನ್ ಮಾಡ್ತೀನಿ’ ಅನ್ನುತ್ತಿದ್ದರು, ಗೇಟಿನವರೆಗೂ ಬಂದು ಬೀಳ್ಕೊಡುತ್ತಿದ್ದರು. ಆ ಫೋನುಗಳು ಇವತ್ತಿಗೂ ಬಂದಿಲ್ಲ. ಹಾಗಂತ ಜಗಳ ಆಡೋಣವೆಂದರೆ ಯಾರೂ ಏನೂ ಅಂದೇ ಇಲ್ಲ, ಯಾವ ಮಾತು ಹಿಡಿದು ಆಡುವುದು?

ಧರ್ಮೇಶ್ ತಣ್ಣನೆಯ ಮನುಷ್ಯ. ‘ಇವತ್ತು ಯಾವ ಮಾತು ಹೇಳಿ ಸಾಗಹಾಕಿದ್ರು?’ ಅಂತ ಊಟಕ್ಕೆ ಕೂತಾಗ ತಮಾಷೆ ಮಾಡುತ್ತಿದ್ದ. ಒಂದು ದಿನ ಮಾತ್ರ ತಮಾಷೆ ಬಿಟ್ಟು, ‘ಕೇಳಿದ್ ಕೂಡ್ಲೆ ಯಾಕೆ ಹೇಳ್ತೀಯ? ಏನಾದ್ರೂ ತೇಲಿಸಿ ಮಾತಾಡು. ಸಾಮಾನು ಇಳಿಸ್ಕೊಂಡ ಮೇಲೆ ತಿಳಿದ್ರೆ ತಿಳೀಲಿ’ ಅಂದ.

‘ನಾನು ತೇಲಿಸ್ತೀನಪ್ಪ. ನಾಳೆ ಮೈತ್ರೀನ ಬಾಗಿಲಲ್ಲಿ ನಿಲ್ಲಿಸ್ಕೊಂಡು ಕೇಳಿದ್ರೆ? ನಾಲ್ಕು ವರ್ಷದ ಮಗೂಗೆ ಸುಳ್ಳು ಹೇಳೋದು ಕಲಿಸ್ಲಾ?’

ಅವನು ತಟ್ಟೆ ಎತ್ತಿಕೊಂಡು ಎದ್ದುಹೋದ.

ರಜೆ ಮುಗಿಯುತ್ತ ಬಂದಾಗ ಬಸ್ತಿಹಳ್ಳಿ ರಸ್ತೆಯಲ್ಲಿ ಒಂದು ಮನೆ ಸಿಕ್ಕಿತು. ಮಾಲೀಕರ ಮನೆಯ ಪಕ್ಕಕ್ಕೆ ಅಂಟಿಕೊಂಡಂತೆ ಎರಡು ರೂಮು, ಮುಂದೆ ಸಣ್ಣ ಅಂಗಳ, ಅಂಗಳದಲ್ಲಿ ಸೀಬೆಗಿಡ. ಯಜಮಾನರು ರಾಜಶೇಖರ್ ಅಂತ, ಬಸ್‌ಸ್ಟ್ಯಾಂಡಿನ ಹತ್ತಿರ ಸಿಮೆಂಟು ಕಬ್ಬಿಣದ ಅಂಗಡಿ. ಹೆಂಡತಿ ಅರುಣಾ ಮನೆಯಲ್ಲಿದ್ದರು. ತುಂಬ ಮಾತುಗಾತಿ, ಮೃದು ಸ್ವಭಾವ. ಹರ್ಷಿತಾಳನ್ನು ಕೈಹಿಡಿದು ಕರೆದುಕೊಂಡು ಹೋಗಿ ಮನೆ ತೋರಿಸಿದರು. ಮಗಳ ವಿಷಯ ಕೇಳಿ, ‘ಅಯ್ಯೋ ಪಾಪ, ಕರ್ಕೊಂಡ್ ಬನ್ನಿ ಮಿಸ್. ನೀವು ಬರೋದ್ರೊಳಗೆ ಹಸಿವು ಅಂದ್ರೆ ನಾನೇ ಏನಾದ್ರೂ ಕೊಡ್ತೀನಿ’ ಅಂದರು. ಹರ್ಷಿತಾಗೆ ಕಣ್ಣು ತುಂಬಿ ಬಂತು. ಈ ಮನೆ ಬೇಕೇಬೇಕು ಅಂತ ಆಗಲೇ ಅನ್ನಿಸಿಬಿಟ್ಟಿತು.

ಅರುಣಾ ಮನೆಯ ಹಜಾರಕ್ಕೆ ಬಂದು ಕೂತರು. ಅಡ್ವಾನ್ಸು, ಕರೆಂಟ್ ಬಿಲ್ಲು ಎಲ್ಲ ಒಪ್ಪಿಗೆಯಾಯಿತು. ‘ಇರಿ, ಕಾಫಿ ಇಡ್ತೀನಿ’ ಅಂತ ಎದ್ದ ಅರುಣಾ ಅಡಿಗೆಮನೆ ಬಾಗಿಲವರೆಗೆ ಹೋಗಿ ತಿರುಗಿ ನಿಂತರು.

‘ತಪ್ಪು ತಿಳ್ಕೋಬೇಡಿ ಮಿಸ್. ಸುಮ್ನೆ ಕೇಳ್ತೀನಿ. ನೀವು ಯಾವ ಪೈಕಿ?’

ಹರ್ಷಿತಾ ಹೇಳಿದಳು.

‘ಓ, ಹೌದಾ’ ಅಂದರು ಅರುಣಾ. ಮುಖದ ಮೇಲಿನ ನಗು ಹಾಗೇ ಇತ್ತು, ಆದರೆ ಕಾಫಿ ಇಡುತ್ತೇನೆ ಅಂದವರು ಒಳಗೆ ಹೋಗಲಿಲ್ಲ. ಸೆರಗಿನ ತುದಿ ಸರಿಮಾಡಿಕೊಂಡು, ‘ಅದೇನ್ ತೊಂದ್ರೆ ಇಲ್ಲ ಬಿಡಿ. ನಮ್ಮ ಯಜಮಾನ್ರನ್ನ ಒಂದು ಮಾತು ಕೇಳಿ ಹೇಳ್ತೀನಿ’ ಅಂದರು.

ಇನ್ನು ಎದ್ದು, ‘ಆಯ್ತು, ಬರ್ತೀನಿ’ ಅಂದು ಗೇಟು ದಾಟಬೇಕು. ಅದೇ ರೂಢಿ. ಹರ್ಷಿತಾ ಬ್ಯಾಗು ಹೆಗಲಿಗೆ ಹಾಕಿಕೊಂಡದ್ದೂ ಆಯಿತು. ಆದರೆ ಏಳಲು ಮನಸ್ಸಾಗಲಿಲ್ಲ. ಇಷ್ಟು ಮನೆಗಳಲ್ಲಿ ಇಂಥ ಮಾತಿಗೆ ತಾನೇ ಎದ್ದು ಹೋಗಿ ಅವರ ಕೆಲಸ ಹಗುರ ಮಾಡಿಕೊಟ್ಟೆನಲ್ಲ ಅನ್ನಿಸಿತು. ಬ್ಯಾಗನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡಳು.

‘ಕೇಳಿ ಅರುಣಮ್ಮ. ನಾನು ಕೂತಿರ್ತೀನಿ.’

‘ಈಗ್ಲಾ?’

‘ಹೂಂ, ಈಗ್ಲೇ. ಅಂಗಡಿ ಇಲ್ಲೇ ಅಲ್ವಾ.’

ಅರುಣಾಗೆ ಇದು ಹೊಸದು. ಹಾಗೆ ಹೇಳಿದ ಮೇಲೆ ಯಾರೂ ಕೂತಿರುವುದಿಲ್ಲ. ಗೋಡೆ ಗಡಿಯಾರ ನೋಡಿದರು, ಹರ್ಷಿತಾಳನ್ನು ನೋಡಿದರು, ಫೋನು ತಗೊಂಡು ಒಳಗೆ ಹೋದರು. ರೂಮಿನ ಬಾಗಿಲು ಹಾಕಿಕೊಂಡರೂ ಸಿಮೆಂಟು ಮಾರುವವರ ಗಂಟಲು ನೋಡಿ, ಫೋನಿನ ಆ ಕಡೆಯ ಮಾತು ಹಜಾರಕ್ಕೆ ಕೇಳಿಸಿತು. ‘ನೋಡೋಣ ಅಂತ ಹೇಳಿ ಕಳ್ಸೇ.’

‘ಹೇಳ್ದೆ, ಹೋಗ್ತಿಲ್ಲ. ಕೂತವ್ರೆ. ನೀವೇ ಬಂದು ಹೇಳಿ, ನನ್ ಕೈಲಾಗಲ್ಲ.’

ಸ್ವಲ್ಪ ಹೊತ್ತಿಗೆ ಸ್ಕೂಟರಿನ ಸದ್ದಾಯಿತು. ರಾಜಶೇಖರ್ ದೊಡ್ಡ ಆಳು, ಲಾರಿ ಡ್ರೈವರುಗಳನ್ನು ನಡುಬೀದಿಯಲ್ಲಿ ಹಿಗ್ಗಾಮುಗ್ಗಾ ಬಯ್ಯುವ ಪೈಕಿ. ಒಳಗೆ ಬಂದವರು ಮಾತ್ರ ಬಲು ನಯವಾಗಿ ‘ನಮಸ್ಕಾರ ಮೇಡಂ’ ಅಂದು ಎದುರು ಕೂತರು. ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ, ತೆಂಗಿಗೆಲ್ಲ ನುಸಿ ಅಂದರು. ಹರ್ಷಿತಾ ಹೌದೆಂದಳು. ಆಮೇಲೆ ವಿಷಯಕ್ಕೆ ಬಂದರು.

‘ಏನಾಗೈತೆ ಅಂದ್ರೆ, ಆ ಮನೆ ಸ್ವಲ್ಪ ರಿಪೇರಿ ಐತೆ.’

‘ಪರವಾಗಿಲ್ಲ ಸಾರ್, ಆಗೋವರ್ಗೂ ಕಾಯ್ತೀನಿ.’

‘ನಮ್ ನೆಂಟ್ರೊಬ್ರು ಕೇಳಿದ್ರು ಬೇರೆ.’

‘ಅವ್ರನ್ನ ಈಗ್ಲೇ ಕೇಳ್ಬಿಡಿ. ಬರ್ತಾರೆ ಅಂದ್ರೆ ನಾನು ಹೊರಡ್ತೀನಿ.’

ರಾಜಶೇಖರ್ ನೆಂಟರಿಗೆ ಫೋನು ಮಾಡಲಿಲ್ಲ. ಕುರ್ಚಿಯಲ್ಲಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿದರು. ‘ತಪ್ಪು ತಿಳ್ಕೋಬೇಡಿ ಮೇಡಂ. ನಮ್ಗೇನೂ ಇಲ್ಲ. ಅಕ್ಕಪಕ್ಕದೋರು ಏನಂತಾರೋ ಅಂತ’ ಅಂದರು.

ಇಷ್ಟು ಹೊತ್ತು ತಣ್ಣಗಿದ್ದ ಹರ್ಷಿತಾಗೆ ಆ ಮಾತು ಕಿವಿಗೆ ಬಿದ್ದದ್ದೇ ಮೈ ಬಿಸಿಯಾಯಿತು. ಆದರೂ ದನಿ ಏರಿಸಲಿಲ್ಲ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ ಬಾಯಿ ಬಿಡದ ಹುಡುಗರನ್ನು ಕೇಳುವ ದನಿಯಲ್ಲೇ ಕೇಳಿದಳು.

‘ತಪ್ಪೇ ತಿಳ್ಕೋತೀನಿ ಸಾರ್. ಇನ್ಯಾವ ಥರ ತಿಳ್ಕೊಳ್ಳಲಿ? ಅಕ್ಕಪಕ್ಕದೋರು ಬೇಡ. ನೀವೇ ಹೇಳಿ. “ನೀವು ಎಸ್ಸಿ, ಅದಕ್ಕೇ ನಾನು ಮನೆ ಕೊಡಲ್ಲ.” ಇಷ್ಟು ನನ್ನ ಮುಖ ನೋಡಿ ಹೇಳ್ಬಿಡಿ, ಎದ್ದು ಹೋಗ್ತೀನಿ.’

ರಾಜಶೇಖರ್ ಕಣ್ಣು ಅವಳ ಕೈಯಲ್ಲಿದ್ದ ಫೋನಿನ ಮೇಲೆ ಹೋಯಿತು. ರೆಕಾರ್ಡ್ ಮಾಡುತ್ತಿದ್ದಾಳೇನೋ ಅನ್ನುವ ಅವರ ಅನುಮಾನ ಅವಳಿಗೆ ಗೊತ್ತಾಯಿತು. ಫೋನನ್ನು ಆಫ್ ಮಾಡಿ, ಅರುಣಾ ಕೈಗೆ ಕೊಟ್ಟಳು.

‘ಯಾರಿಗೂ ಹೇಳಲ್ಲ, ಕೇಸೂ ಹಾಕಲ್ಲ. ನಂಗೆ ಕೇಳಿಸಿದ್ರೆ ಸಾಕು. ಎಷ್ಟು ಮನೆ ತಿರುಗಿದೀನೋ, ಒಬ್ರೂ ಹೇಳಿಲ್ಲ.’

ರಾಜಶೇಖರ್ ಬಾಯಿ ತೆರೆದರು, ಮುಚ್ಚಿದರು. ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದರು. ಹೆಂಡತಿಯ ಕಡೆ ನೋಡಿದರು, ಅರುಣಾ ನೆಲ ನೋಡುತ್ತಿದ್ದರು. ಹಣೆಯ ಮೇಲೆ ಬೆವರು ಬಂತು. ಅಂಗಡಿಯಲ್ಲಿ, ಮನೆಯಲ್ಲಿ, ತಮ್ಮವರ ನಡುವೆ ಎಷ್ಟು ಸಲ ಸಲೀಸಾಗಿ ಆಡಿದ್ದ ಮಾತೋ, ಎದುರಿಗೆ ಒಂದು ಮುಖ ಕೂತಿದ್ದಕ್ಕೆ ಈಗ ನಾಲಿಗೆ ಮೇಲೆ ಬರಲೊಲ್ಲದು. ಹರ್ಷಿತಾ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಒಳಗೊಳಗೇ ಅವಳಿಗೂ ಹೆದರಿಕೆ ಇತ್ತು. ಆ ಮನುಷ್ಯ ನಿಜವಾಗಿಯೂ ಹೇಳಿಬಿಟ್ಟರೆ ಅದನ್ನು ಹೊತ್ತುಕೊಂಡು ಬಸ್ಸಿನಲ್ಲಿ ಅರಸೀಕೆರೆವರೆಗೆ ಹೇಗೆ ಹೋಗುವುದು ಅಂತ.

‘ನಾನೇನ್ ಅಂಥೋನಲ್ಲಮ್ಮ’ ಅಂದರು ಕೊನೆಗೆ. ಮೇಡಂ ಹೋಗಿ ಅಮ್ಮ ಆಗಿತ್ತು.

‘ಸಂತೋಷ ಸಾರ್. ಅಂಥೋರಲ್ಲ ಅಂದ್ರೆ ಮನೆ ಕೊಡಿ. ಅಂಥೋರು ಅಂದ್ರೆ ಹೇಳಿ.’

ರಾಜಶೇಖರ್ ಎದ್ದು ನಿಂತರು. ಟವೆಲಿನಿಂದ ಮುಖ ಒರೆಸಿಕೊಂಡು ಹೆಂಡತಿಯ ಮೇಲೆ ರೇಗಿದರು. ‘ಏನ್ ನೋಡ್ತಾ ನಿಂತಿದೀಯ? ಬೀಗದ ಕೈ ತಂದ್ಕೊಡು.’ ಹರ್ಷಿತಾ ಕಡೆ ತಿರುಗದೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು. ಸ್ಕೂಟರು ಒಂದೆರಡು ಸಲ ಒದ್ದರೂ ಸ್ಟಾರ್ಟ್ ಆಗದೆ, ತಳ್ಳಿಕೊಂಡೇ ಹೋದರು.

ಅರುಣಾ ಬೀಗದ ಕೈ ತಂದರು. ಫೋನನ್ನೂ ಬೀಗದ ಕೈಯನ್ನೂ ಹರ್ಷಿತಾಳ ಅಂಗೈಯಲ್ಲಿಟ್ಟರು. ‘ಒಂದನೇ ತಾರೀಖು ಬರ್ತೀವಿ’ ಅಂದು ಹರ್ಷಿತಾ ಹೊರಟಳು. ಗೇಟಿನವರೆಗೆ ಯಾರೂ ಬರಲಿಲ್ಲ.

ರಸ್ತೆಗೆ ಬಂದಳು. ಒಂದು ಕಾಂಪೌಂಡಿಗೆ ಒರಗಿ ನಿಂತು ಧರ್ಮೇಶ್‌ಗೆ ಫೋನು ಮಾಡಿದಳು.

‘ಮನೆ ಸಿಕ್ತು ಕಣ್ರೀ.’

‘ನಿಜವಾಗ್ಲೂ? ಹೇಳ್ದ್ಯಾ ಅವ್ರಿಗೆ?’

‘ಹೇಳ್ದೆ. ಕೊಡಲ್ಲ ಅಂತ ಹೇಳಕ್ಕೆ ಬಿಟ್ಟು ನೋಡ್ದೆ. ಅವ್ರ ಕೈಲಿ ಆಗ್ಲಿಲ್ಲ.’ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

ಧರ್ಮೇಶ್ ತಮಾಷೆ ಮಾಡಲಿಲ್ಲ. ಕೇಳಿದ, ‘ಅಲ್ಲಾ ಹರ್ಷಿ, ಮನಸ್ಸಿಲ್ಲದೆ ಕೊಟ್ಟೋರ ಪಕ್ಕದಲ್ಲಿ, ದಿನಾ ಅವ್ರ ಮುಖ ನೋಡ್ಕೊಂಡು ಇರಕ್ಕಾಗುತ್ತಾ?’

ಅವಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು, ಅದರ ಹಲ್ಲು ಅಂಗೈಗೆ ಒತ್ತುತ್ತಿತ್ತು.

‘ಆಗುತ್ತೆ. ನಾನು ಮನೆಗೆ ಬಂದಾಗ ಮೈತ್ರಿ ಎಚ್ಚರ ಇರ್ತಾಳೆ.’